ನೋಡಿದಾಗ ಕೆಡದ ಕಂಪ್ಯೂಟರ್

ಹೊಳೆ ಬಳುಕಿ ತಿರುಗುವ ಜಾಗದಲ್ಲಿ ಒಂದು ಆಶ್ರಮ. ಅಲ್ಲಿ ಅಡವಯ್ಯ ಎಂಬ ಗುರುಗಳು, ಅವರ ಹತ್ತಿರ ಉಮಾಪತಿ ಎಂಬ ಶಿಷ್ಯ.

ಆಶ್ರಮಕ್ಕೆ ಬರುವ ಮುಂಚೆ ಉಮಾಪತಿ ತಾಲ್ಲೂಕು ಪೇಟೆಯ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನು. ಕೈ ಚುರುಕು. ಕೋಪ ಕೈಗಿಂತ ಚುರುಕು, ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದನ್ನು ಕಳೆದುಕೊಳ್ಳಬೇಕೆಂದೇ ಅವನು ಗುರುಗಳ ಕಾಲು ಹಿಡಿದಿದ್ದ.

ಒಂದು ಬೆಳಗ್ಗೆ ಅವನು ಕೇಳಿದ.

“ಬುದ್ಧಿ, ದಿನಾ ಚಾಪೆ ಹಾಸ್ಕೊಂಡು ಕೂತು ನನ್ನ ಕೋಪ ಎಲ್ಲಿದೆ ಅಂತ ಹುಡುಕ್ತೀನಿ. ಸಿಗೋದೇ ಇಲ್ಲ. ಎದ್ದು ಅಡುಗೆಮನೆಗೆ ಹೋಗಿ, ಹಸಿ ಸೌದೆ ಹತ್ತಿಕೊಳ್ಳದೆ ಹೊಗೆ ಎದ್ದರೆ ಸಾಕು, ಊದುಗೊಳವೆ ಎತ್ತಿ ಗೋಡೆಗೆ ಎಸೀತೀನಿ. ಕೂತಾಗ ಇಲ್ಲದೇ ಇದ್ದದ್ದು ಆಗ ಎಲ್ಲಿಂದ ಬರುತ್ತೆ?”

ಗುರುಗಳು ಮೂಲೆಯಲ್ಲಿದ್ದ ಅವನ ಸ್ಕ್ರೂಡ್ರೈವರ್ ಚೀಲದ ಕಡೆ ಕೈ ತೋರಿಸಿದರು.

“ದೇವೀರಮ್ಮನ ಮನೆ ಕಂಪ್ಯೂಟರ್ ಪದೇ ಪದೇ ಕೆಡ್ತಿದೆಯಂತೆ. ಹೋಗಿ ನೋಡ್ಕೊಂಡು ಬಾ,” ಎಂದರು.

ಇದೆಂಥ ಉತ್ತರ ಎಂದುಕೊಳ್ಳುತ್ತ ಉಮಾಪತಿ ಸ್ಕ್ರೂಡ್ರೈವರ್ ಚೀಲ ಹೆಗಲಿಗೇರಿಸಿದ.

ದೇವೀರಮ್ಮ ಪೇಟೆಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಈಗ ಹೊಳೆದಂಡೆಯ ತಂದೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಅವರ ತಂದೆ ಹೊಳೆಯ ನೀರಿನ ಮಟ್ಟ ಅಳೆದು ಬರೆಯುವ ಕೆಲಸದಲ್ಲಿದ್ದವರು. ವರ್ಷಕ್ಕೊಂದರಂತೆ ಮೂವತ್ತೊಂದು ನೋಟ್‌ಬುಕ್ ಬಿಟ್ಟುಹೋಗಿದ್ದರು. ಅಕ್ಷರವೋ, ಇರುವೆ ಸಾಲು. ಆ ಕೈಬರಹ ನೋಡಿಕೊಂಡೇ ಓದು ಕಲಿತ ಮಗಳಿಗೆ ಬಿಟ್ಟರೆ ಬೇರೆ ಯಾರಿಗೂ ಅದು ಅರ್ಥವಾಗದು.

ಈಗ ದೇವೀರಮ್ಮನ ಕಣ್ಣಿನ ನರ ಒಣಗುತ್ತಿತ್ತು. ಮುಂದಿನ ಯುಗಾದಿ ಹೊತ್ತಿಗೆ ಓದುವುದು ಆಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕಿತ್ತು. ಹದಿನೆಂಟು ನೋಟ್‌ಬುಕ್ ಟೈಪ್ ಆಗಿದ್ದವು. ಇನ್ನೂ ಹದಿಮೂರು ಬಾಕಿ.

“ಮುಕ್ಕಾಲು ಗಂಟೆ ಚೆನ್ನಾಗಿರುತ್ತೆ ಕಣಪ್ಪ,” ಎಂದರು ದೇವೀರಮ್ಮ. “ಆಮೇಲೆ ಫಟ್ ಅಂತ ಆರಿಹೋಗುತ್ತೆ. ಮತ್ತೆ ಹಚ್ಚಿದ್ರೆ ಐದು ನಿಮಿಷ, ಮತ್ತೆ ಆರುತ್ತೆ. ದಿನಕ್ಕೊಂದು ಪುಟ ಮುಗಿಸಿದ್ರೆ ಪುಣ್ಯ. ಹೀಗಾದ್ರೆ ನನ್ನ ಕಣ್ಣು ಕಾಯುತ್ತಾ?”

ಉಮಾಪತಿ ಸಿಪಿಯು ಡಬ್ಬ ಬಿಚ್ಚಿದ. ಧೂಳು ಊದಿದ. ರ‍್ಯಾಮ್ ಕಿತ್ತು, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಎರಡು ಗಂಟೆ ಅಲ್ಲೇ ಕೂತು ನೋಡಿದ. ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ.

“ಸರಿಹೋಯ್ತಮ್ಮ,” ಎಂದು ಬಂದ.

ಮರುದಿನ ಆಶ್ರಮಕ್ಕೆ ಫೋನು. ಮತ್ತೆ ಆರಿತ್ತು.

ಎರಡನೇ ಸಲ ಹೋಗಿ ಡಬ್ಬದೊಳಗೆ ಕರೆಂಟು ಹಂಚುವ ಪೆಟ್ಟಿಗೆಯನ್ನೇ ಬದಲಿಸಿದ. ಎರಡು ಗಂಟೆ ಕೂತ. ಆರಲಿಲ್ಲ. ಮರುದಿನ ಫೋನು. ಮೂರನೇ ಸಲ, ಟೈಪ್ ಮಾಡಿದ್ದನ್ನು ಬೇರೆ ಕಡೆ ಉಳಿಸಿಟ್ಟು, ಮಿಕ್ಕಿದ್ದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ. ಆರಲಿಲ್ಲ. ಮರುದಿನ ಮತ್ತೆ ಫೋನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಪಾಪ, ಕೊಟ್ಟಿಗೆಯಲ್ಲಿದ್ದ ಎಮ್ಮೆಗಳಿಗೆಲ್ಲ ಬರೆ ಬಿದ್ದಾಗಿತ್ತು.

ನಾಲ್ಕನೇ ಸಲ ಹೋಗುವ ಬದಲು ಉಮಾಪತಿ ಫೋನಿನಲ್ಲೇ ಸಿಡಿದ.

“ನಾನಿದ್ದಾಗ ಕೆಡಲ್ಲ, ನೀವು ಕೂತಾಗಲೇ ಕೆಡುತ್ತೆ ಅಂದ್ರೆ ಏನಮ್ಮ ಅರ್ಥ? ತಪ್ಪು ನಿಮ್ಮದೇ. ನಿಮಗೆ ಅದನ್ನ ಬಳಸೋಕೆ ಬರಲ್ಲ!”



“ಇರಬಹುದಪ್ಪ,” ಎಂದರು ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಫೋನ್ ಇಟ್ಟರು.

ಮೂರು ದಿನ ಫೋನು ಬರಲಿಲ್ಲ. ಮೊದಲ ದಿನ ಉಮಾಪತಿಗೆ ನಿರಾಳ ಅನಿಸಿತು. ಎರಡನೇ ದಿನ ಕಸಿವಿಸಿ. ಮೂರನೇ ದಿನ ತಡೆಯಲಾರದೆ ಗುರುಗಳ ಮುಂದೆ ಹೋಗಿ ನಿಂತ.

“ಬುದ್ಧಿ, ಆಯಮ್ಮ ಟೈಪ್ ಮಾಡೋದನ್ನೇ ನಿಲ್ಲಿಸಿದ್ದಾರಂತೆ. ನಾನು ಬಾಯಿಗೆ ಬಂದಂಗೆ ಅಂದುಬಿಟ್ಟೆ. ಆದ್ರೆ ಆ ಕಂಪ್ಯೂಟರ್‌ಗೆ ಏನಾಗಿದೆ ಅಂತ ನನಗೆ ನಿಜವಾಗ್ಲೂ ತಿಳೀತಿಲ್ಲ.”

ಗುರುಗಳು ಜನ್ಮದಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲ. ಆದರೂ ಕುತೂಹಲದಿಂದ ಮುಂದೆ ಬಾಗಿದರು.

“ನೀನು ಎಷ್ಟು ಸಲ ಹೋದೆ?”

“ಮೂರು ಸಲ.”

“ಮೂರರಲ್ಲಿ ಎಷ್ಟು ಸಲ ಅದು ಆರಿದ್ದನ್ನ ಕಣ್ಣಾರೆ ಕಂಡೆ?”

“ಒಂದು ಸಲಾನೂ ಇಲ್ಲ.”

“ಓಹೋ. ಹಾಗಾದ್ರೆ ಅದಕ್ಕೆ ನಿನ್ನ ಕಂಡ್ರೆ ಬಹಳ ಗೌರವ,” ಎಂದು ಗುರುಗಳು ನಕ್ಕರು. “ಅದಿರಲಿ. ಹೊಳೆದಂಡೆ ಕೆಸರಲ್ಲಿ ಏಡಿ ಎಷ್ಟಿವೆ, ಎಣಿಸಿಕೊಂಡು ಬಾ.”

ಉಮಾಪತಿ ದಡದಡ ಇಳಿದು ಹೋದ, ದಡದಡ ಹತ್ತಿ ಬಂದ.

“ಒಂದೂ ಇಲ್ಲ ಬುದ್ಧಿ. ಬರೀ ಬಿಲ ಇವೆ.”

“ಬಿಲ ಯಾರು ತೋಡಿದ್ದು?”

ಉಮಾಪತಿ ಮತ್ತೆ ಹೋದ. ಈ ಸಲ ಬೆಕ್ಕಿನ ಹಾಗೆ ಮೆಲ್ಲಗೆ ಹೆಜ್ಜೆಯಿಟ್ಟ. ಕೆಸರು ಖಾಲಿ.

“ಇಲ್ಲವೇ ಇಲ್ಲ,” ಎಂದ ಬಂದು.

ಗುರುಗಳು ಎದ್ದು ಅವನ ಜೊತೆ ನಡೆದರು. ಕೆಸರಿನ ಪಕ್ಕದ ಕಲ್ಲಿನ ಮೇಲೆ ಕೂತರು. ಉಮಾಪತಿಯೂ ಕೂತ. ಗುರುಗಳು ಏಡಿಯ ಕಡೆ ನೋಡಲಿಲ್ಲ, ಹೊಳೆಯ ಕಡೆಯೂ ನೋಡಲಿಲ್ಲ, ಕಾಲಿನ ಉಗುರಿನ ಮಣ್ಣು ಕೆದಕುತ್ತ ಕೂತರು. ಉಮಾಪತಿಗೆ ಕಾಲು ಜೋಮು ಹಿಡಿಯಿತು. ಕಿವಿಯ ಹತ್ತಿರ ಸೊಳ್ಳೆ ಗುಂಯ್ ಎಂದಿತು.

ಆಗ ಒಂದು ಬಿಲದ ಬಾಯಲ್ಲಿ ಎರಡು ಕಡ್ಡಿಗಣ್ಣು ಕಂಡವು. ಒಂದು ಏಡಿ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ಕೆಸರು ತುಂಬ ಏಡಿಗಳ ಓಡಾಟ. ಉಮಾಪತಿಗೆ ಮಗುವಿನಂಥ ಸಂತೋಷವಾಯಿತು. “ಹದಿನೇಳು!” ಎಂದು ಬೆರಳು ತೋರಿಸಿದ್ದೇ ತಡ, ಹದಿನೇಳೂ ಮಾಯ.

ದಾರಿಯಲ್ಲಿ ವಾಪಸು ಬರುತ್ತ ಅವನು ಯೋಚಿಸಿ ಯೋಚಿಸಿ ಹೇಳಿದ.

“ಬುದ್ಧಿ, ಏಡಿಗೆ ಕಣ್ಣಿದೆ. ಬರೋರನ್ನ ಕಂಡು ಅಡಗುತ್ತೆ. ಕಂಪ್ಯೂಟರ್‌ಗೆ ಕಣ್ಣೆಲ್ಲಿದೆ?”

“ಆ ಮನೇಲಿ ಕಣ್ಣಿರೋದು ಯಾರಿಗೆ?” ಎಂದರು ಗುರುಗಳು.

ಉಮಾಪತಿ ತಲೆ ಕೆರೆದುಕೊಂಡ. ಆಶ್ರಮ ಮುಟ್ಟಿದ ಮೇಲೆ, ಇನ್ನೊಮ್ಮೆ ಹೋಗಿ ಬರುತ್ತೇನೆಂದು ಚೀಲ ಹೆಗಲಿಗೇರಿಸಿದ. ಗುರುಗಳು ಕೈ ಚಾಚಿದರು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಚೀಲ ಇಳಿಸಿ ಅವರ ಕೈಗೆ ಕೊಟ್ಟ.

“ಈಗ ಹೋಗು,” ಎಂದರು.

ಚೀಲವಿಲ್ಲದೆ ನಡೆಯುವಾಗ ಹೆಗಲು ಬೋಳುಬೋಳು ಅನಿಸಿತು. ಸ್ಕ್ರೂಡ್ರೈವರೇ ಇಲ್ಲದ ಮೇಲೆ ತಾನು ಅಲ್ಲಿ ಮಾಡುವುದಾದರೂ ಏನು?

ದೇವೀರಮ್ಮನ ಕಂಪ್ಯೂಟರಿಗೆ ಬಟ್ಟೆ ಹೊದಿಸಿತ್ತು. ಅವರು ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು.

“ರಿಪೇರಿಗೆ ಬಂದ್ಯಾ? ಫೋನ್ ಮಾಡಿರಲಿಲ್ವಲ್ಲ.”

“ರಿಪೇರಿಗಲ್ಲಮ್ಮ. ನೋಡಿ, ಚೀಲಾನೇ ತಂದಿಲ್ಲ. ಸುಮ್ನೆ ಕೂರೋಕೆ ಬಂದೆ.”

“ಕೂರೋಕೆ ನಿಮ್ಮ ಆಶ್ರಮದಲ್ಲಿ ಜಾಗ ಇಲ್ವಾ?” ಎಂದು ಅವರು ನಕ್ಕರು. ಆ ನಗು ಕಂಡು ಉಮಾಪತಿಗೆ ಇನ್ನಷ್ಟು ಸಂಕಟವಾಯಿತು.

“ನೀವು ನಿಮ್ಮ ಕೆಲಸ ಮಾಡ್ಕೊಳಿ ಅಮ್ಮ. ನಾನೊಬ್ಬ ಇಲ್ಲಿದ್ದೀನಿ ಅನ್ನೋದನ್ನ ಮರೆತುಬಿಡಿ.”

ಬೇಡ ಬೇಡ ಎನ್ನುತ್ತಲೇ ಅವರು ಎದ್ದರು. ಬೆರಳು ಸುಮ್ಮನಿರಬೇಕಲ್ಲ. ಬಟ್ಟೆ ತೆಗೆದರು. ಬೀರುವಿನಿಂದ ನೋಟ್‌ಬುಕ್ಕುಗಳ ಕಟ್ಟನ್ನು ತಂದು, ಒಂದನ್ನು ಮುಂದಿಟ್ಟುಕೊಂಡರು, ಮಿಕ್ಕವನ್ನು ಅತ್ತ ಕಡೆ ಇಟ್ಟು ಬಂದು ಕೂತರು. ಕನ್ನಡಕ ಮೂಗಿಗೇರಿತು. ಬೆರಳುಗಳು ಓಡಿದವು.

ಉಮಾಪತಿ ಮೂಲೆಯ ಸ್ಟೂಲಿನ ಮೇಲೆ ಕೂತ. ಕೈ ಕಡಿಯುತ್ತಿತ್ತು. ಆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಏಡಿ, ಏಡಿ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಹತ್ತು ನಿಮಿಷಕ್ಕೆ ದೇವೀರಮ್ಮ ಅವನನ್ನು ಮರೆತೇಬಿಟ್ಟರು. ಓದುತ್ತ ತಮ್ಮಷ್ಟಕ್ಕೆ ಗೊಣಗತೊಡಗಿದರು. “ಹೊಳೆ ಹನ್ನೊಂದು ಅಡಿ. ಮಧ್ಯಾಹ್ನ ಮೋಡ. ಆಚೆ ದಡದಲ್ಲಿ ಎರಡು ನೀರುನಾಯಿ, ಒಂದು ಮರಿ.”

ಅರ್ಧ ಗಂಟೆಯಾಯಿತು. ಒಳಗಿನ ಫ್ಯಾನಿನ ಸದ್ದು ಬದಲಾದಂತೆ ಕೇಳಿಸಿತು. ಮೊದಲು ಸುಯ್ ಎನ್ನುತ್ತಿದ್ದದ್ದು ಈಗ ಜೋರಾಗಿ ಮೊರೆಯುತ್ತಿತ್ತು. ಈ ಸದ್ದನ್ನು ಅವನು ಈ ಮನೆಯಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕಿವಿ ನಿಮಿರಿತು. ಮೊರೆತ ಏರಿತು, ಇನ್ನೂ ಏರಿತು.

ಫಟ್. ಪರದೆ ಕಪ್ಪಾಯಿತು.

ದೇವೀರಮ್ಮ ಕೈ ಕಟ್ಟಿ ಕೂತರು. “ನೋಡಿದ್ಯಾ? ಏನು ತಪ್ಪು ಮಾಡಿದೆ ಹೇಳು,” ಎಂದರು. ದನಿಯಲ್ಲಿ ಮುನಿಸಿರಲಿಲ್ಲ, ದಣಿವಿತ್ತು.

ಉಮಾಪತಿ ಎದ್ದು ಡಬ್ಬದ ಹಿಂದೆ ಬಗ್ಗಿ ನೋಡಿದ. ಬಿಸಿಗಾಳಿ ಹೊರಗೆ ಬರುವ ಕಿಂಡಿಗೆ ಸರಿಯಾಗಿ, ಒಂದಕ್ಕೊಂದು ಒರಗಿ, ಆರು ನೋಟ್‌ಬುಕ್ಕುಗಳು ನಿಂತಿದ್ದವು. ಮುಟ್ಟಿದರೆ ಹೆಂಚಿನಿಂದ ಇಳಿಸಿದ ರೊಟ್ಟಿಯಂತೆ ಸುಡುತ್ತಿದ್ದವು. ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಡಬ್ಬ ಕಾದು ಆರುತ್ತಿತ್ತು.

“ಇವು ಯಾಕಮ್ಮ ಇಲ್ಲಿವೆ?”

“ಹೊಳೆ ಪಕ್ಕದ ಮನೆ ಅಲ್ವಾ, ಥಂಡಿಗೆ ಹಾಳೆಗಳು ಅಂಟಿಕೊಳ್ತವೆ. ಅಲ್ಲಿ ಬೆಚ್ಚಗಿರುತ್ತೆ. ಮಳೆ ಹಿಡಿದಾಗಿನಿಂದ ದಿನಾ ಅಲ್ಲೇ ಇಡ್ತೀನಿ.”

“ದಿನಾನಾ? ನಾನು ಮೂರು ಸಲ ಬಂದೆ. ಒಂದು ಸಲಾನೂ ಕಾಣಲಿಲ್ವಲ್ಲ!”

“ನೀನು ಚೀಲ ಹಾಕ್ಕೊಂಡು ಬರೋದು ಕಿಟಕೀಲಿ ಕಾಣುತ್ತಲ್ಲ. ಕಂಡ ಕೂಡಲೇ ತೆಗೆದು ಬೀರೂಲಿ ಇಡ್ತಿದ್ದೆ. ಕೆಲಸ ಮಾಡೋರಿಗೆ ಅಡ್ಡ ಆಗಬಾರದು ನೋಡು. ಇವತ್ತು ರಿಪೇರಿಗಲ್ಲ ಅಂದ್ಯಲ್ಲ, ಅದಕ್ಕೇ ಇಟ್ಟೆ.”

ಉಮಾಪತಿಗೆ ನಗು ಬಂತು. ನಗುವಿನ ಬೆನ್ನಿಗೇ ನಾಚಿಕೆ ಬಂತು. ತನಗಾಗಿ ಜಾಗ ಮಾಡಿಕೊಟ್ಟ ಹೆಂಗಸಿನ ಮೇಲೆ ತಾನು ಕೂಗಾಡಿದ್ದನ್ನು ನೆನೆದು ಅವನ ಕಣ್ಣು ತುಂಬಿತು.

“ಆವತ್ತು ಫೋನಲ್ಲಿ ಹಾಗೆ ಅನ್ನಬಾರದಿತ್ತು ಅಮ್ಮ. ತಪ್ಪಾಯ್ತು.”

“ನೀನು ನನ್ನದೇ ತಪ್ಪು ಅಂದೆ. ಸರಿಯಾಗೇ ಅಂದಿದ್ದೆಯಲ್ಲ!” ಎಂದು ದೇವೀರಮ್ಮ ಕೊಂಚ ರೇಗಿಸಿದರು. ಆಮೇಲೆ ಅವನ ಮುಖ ನೋಡಿ, “ಹೋಗಲಿ ಬಿಡು ಮರಿ. ಈಗ ಇವನ್ನ ಎಲ್ಲಿಡೋಣ ಹೇಳು,” ಎಂದರು.

ಉಮಾಪತಿ ತಾನು ಕೂತಿದ್ದ ಸ್ಟೂಲನ್ನೇ ತಂದು ಕಿಂಡಿಯಿಂದ ಎರಡು ಮೊಳ ದೂರಕ್ಕೆ ಇಟ್ಟ. ಅದರ ಮೇಲೆ ನೋಟ್‌ಬುಕ್ ಜೋಡಿಸಿ, ಕಂಪ್ಯೂಟರ್ ಮತ್ತೆ ಹಚ್ಚಿ ಕೈ ಒಡ್ಡಿ ನೋಡಿದ. ಬೆಚ್ಚನೆ ಗಾಳಿ ಅಲ್ಲಿಯವರೆಗೂ ಬರುತ್ತಿತ್ತು. ಬೇರೆ ಏನನ್ನೂ ಮುಟ್ಟಲಿಲ್ಲ.

ದೀಪ ಹಚ್ಚುವ ಹೊತ್ತಿನವರೆಗೂ ಬೆರಳುಗಳು ಓಡಿದವು. ಫ್ಯಾನು ಸುಯ್ ಎನ್ನುತ್ತಲೇ ಇತ್ತು.

ಮರುದಿನ ಬೆಳಗ್ಗೆ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಧ್ಯಾನಕ್ಕೆ ಹೊರಟ ಉಮಾಪತಿಗೆ ಗುರುಗಳು ಜಗಲಿಯಲ್ಲೇ ಎದುರಾದರು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ.

“ದೇವೀರಮ್ಮ?” ಎಂದು ಕೇಳಿದರು ಗುರುಗಳು.

“ನಿನ್ನೆ ಒಂದೇ ದಿನ ಹನ್ನೊಂದು ಪುಟ ಬುದ್ಧಿ! ಹೀಗೇ ಆದ್ರೆ ಯುಗಾದಿಗೆ ಮುಂಚೆ ಹದಿಮೂರೂ ಮುಗಿಯುತ್ತೆ. ಆ ನೋಟ್‌ಬುಕ್ಕನ್ನ ಉಳಿಸೋಕೆ ಅಂತಾನೇ ಅವರು ಬೆಚ್ಚಗೆ ಇಟ್ಟಿದ್ದು. ಅವುಗಳಿಂದಾನೇ ಕೆಲಸ ನಿಂತಿದ್ದು. ನಾನೋ, ನನಗೋಸ್ಕರ ಸಜ್ಜು ಮಾಡಿದ ಮನೇನೇ ಮೂರು ಸಲ ನೋಡಿ ಬಂದಿದ್ದೆ.”

ಗುರುಗಳು ತಲೆದೂಗಿದರು. ಅವರಿಗೂ ಸಂತೋಷವಾಗಿತ್ತು.

ಉಮಾಪತಿ ಹೇಳಿದ. “ಬುದ್ಧಿ, ನನ್ನ ಕೋಪದ ವಿಷಯ ಮೊದಲೇ ಕೇಳಿದ್ದೆ. ಕೂತು ಹುಡುಕಿದ್ರೆ ಸಿಗಲ್ಲ ಅಂತ. ಅದಕ್ಕೆ ನೀವು ಇನ್ನೂ ಉತ್ತರ ಹೇಳಿಲ್ಲ.”

ಗುರುಗಳು ಕೈ ಚಾಚಿದರು.

ಉಮಾಪತಿ ಆ ಕೈಯನ್ನೇ ನೋಡಿದ. ಇವತ್ತು ಹೆಗಲಲ್ಲಿ ಚೀಲವಿರಲಿಲ್ಲ. ಇದ್ದದ್ದು ಕಂಕುಳಲ್ಲಿದ್ದ ಚಾಪೆ ಮಾತ್ರ. ಅದನ್ನು ಮೆಲ್ಲಗೆ ತೆಗೆದು ಅವರ ಕೈಗೆ ಕೊಟ್ಟ.

ಗುರುಗಳು ಚಾಪೆಯನ್ನು ಪಕ್ಕಕ್ಕೆ ಇಟ್ಟರು.

“ರಾತ್ರಿ ಬಿದ್ದ ಮಳೆಗೆ ಸೌದೆಯೆಲ್ಲ ನೆನೆದಿದೆ. ಹೋಗು, ಒಲೆ ಹಚ್ಚು.”