ಸೊಣ್ಣಪ್ಪ ಕಲಿತ ‘ಶಿ’

ಕೇಳ್ರಪ್ಪಾ, ಕೋಲಾರದ ಮುನಿಲಕ್ಷ್ಮಮ್ಮನಿಗೆ ಒಬ್ಬನೇ ಮಗ, ಸೊಣ್ಣಪ್ಪ. ವಯಸ್ಸು ಇಪ್ಪತ್ತೇಳು, ಬುದ್ಧಿ ಏಳು. “ಇವನಿಗೆ ಯಾರು ಹೆಣ್ಣು ಕೊಡ್ತಾರೋ!” ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳೋಳು.

ಅವಳು ಅಡುಗೆ ಮಾಡ್ತಿದ್ದದ್ದು ಜಪಾನಿನ ಯೊಶಿಕೊ ಅಮ್ಮನ ಮನೇಲಿ. ಆಕೆಗೆ ಕನ್ನಡ ಚೆನ್ನಾಗೇ ಬರ್ತಿತ್ತು. ಅಲ್ಲಿ ಗಿಡಕ್ಕೆ ನೀರು ಹಾಕೋ ಕೆಲಸ ಸೊಣ್ಣಪ್ಪನದು. ಒಂದಿನ ಹಾಕಲಿಲ್ಲ.

“ಯಾಕೆ ಹಾಕಲಿಲ್ಲ?” ಅಂದರು ಯೊಶಿಕೊ ಅಮ್ಮ.

“ಸುಮ್ನೆ!”

“ಸುಮ್ನೆ ಅನ್ನಬಾರದು. ನಮ್ಮ ಭಾಷೇಲಿ ಒಂದೊಂದು ಕಾರಣಕ್ಕೂ ಬಾಲದ ಹಾಗೆ ‘ಶಿ’ ಸೇರಿಸ್ತೀವಿ. ಬಿಸಿಲಿತ್ತು ಶಿ, ಕಾಲು ನೋಯ್ತಿತ್ತು ಶಿ, ಅದಕ್ಕೇ ಹಾಕಲಿಲ್ಲ. ಹೀಗೆ ಹೇಳು.”

“ಆಗಲಮ್ಮಾ!”

ಮಾರನೇ ದಿನ ಧೋ ಅಂತ ಮಳೆ. “ಸೊಣ್ಣಪ್ಪಾ, ಒಣಗಿದ ಬಟ್ಟೆ ಯಾಕೆ ಒಳಗೆ ತರಲಿಲ್ಲ?” ಅಂದರು ಯೊಶಿಕೊ ಅಮ್ಮ.

“ಬಿಸಿಲಿತ್ತು ಶಿ, ಕಾಲು ನೋಯ್ತಿತ್ತು ಶಿ, ಅದಕ್ಕೇ ಹಾಕಲಿಲ್ಲ!”

“ಅಯ್ಯೋ ಮಂಕೇ!” ಅಂದಳು ತಾಯಿ. “ಕಣ್ಣಿಗೆ ಕಂಡದ್ದನ್ನ ಹೇಳೋ!”

“ಆಗಲಮ್ಮಾ!”

ಪಕ್ಕದ ಮನೇಲಿ ನಾಮಕರಣ. “ಪಾಯಸ ಯಾಕಪ್ಪಾ ಬೇಡ?” ಅಂದರು ಮನೆಯವರು.

“ಇರುವೆ ಬಿದ್ದಿದೆ ಶಿ, ಬಡಿಸೋರ ಮೂಗು ಸೋರ್ತಿದೆ ಶಿ, ಅದಕ್ಕೇ ಬೇಡ!”

“ನಿನ್ನ ಬಾಯಿಗೆ ಮಣ್ಣು ಹಾಕ!” ಅಂದಳು ತಾಯಿ. “ಇನ್ನೊಬ್ಬರ ಮನೇಲಿ ಒಳ್ಳೇದು ಮಾತ್ರ ಹೇಳಬೇಕು!”

“ಆಗಲಮ್ಮಾ!”

ಮಾಲೂರಿಂದ ಸಂಬಂಧ ಬಂತು. ತಾಯಿ ಮಗ ಹೆಣ್ಣು ನೋಡೋಕೆ ಹೋದರು. ಹುಡುಗಿ ಚೌಡೇಶ್ವರಿ, ಹೊಲಿಗೆ ಕಲಿತೋಳು. ಅವರಪ್ಪ ಕೇಳಿದರು: “ಹೋದ ವರ್ಷ ನಿಮಗೆ ಒಂದು ಸಂಬಂಧ ಬಂದಿತ್ತಂತೆ, ಅದನ್ನ ಯಾಕಪ್ಪಾ ಬೇಡ ಅಂದ್ರಿ?”

“ಹುಡುಗಿ ಬಲು ಚೆಂದ ಶಿ, ಅವರಪ್ಪ ದೇವರಂಥೋರು ಶಿ, ಅದಕ್ಕೇ ಬೇಡ ಅಂದೆ!”

ಚೌಡೇಶ್ವರಿಯ ಅಪ್ಪ ಬಾಯಿ ಬಿಟ್ಟರು. ಮುನಿಲಕ್ಷ್ಮಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಒಳಗಿದ್ದ ಚೌಡೇಶ್ವರಿ ನಕ್ಕೂ ನಕ್ಕೂ ಆಚೆಗೇ ಬಂದಳು. “ಅಪ್ಪಾ, ಇವರ ಹೊಟ್ಟೇಲಿ ಕಪಟ ಇಲ್ಲ. ನನಗೆ ಒಪ್ಪಿಗೆ!”

ತಾಯಿಗೆ ಸಂತೋಷ, ಜೊತೆಗೆ ಭಯ. ಮದುವೆ ದಿನ ಕಿವಿ ಹಿಂಡಿ ಹೇಳಿದಳು: “ಇವತ್ತು ಕಾರಣಾನೂ ಬೇಡ, ಶಿಯೂ ಬೇಡ. ಯಾರು ಏನು ಕೇಳಿದ್ರೂ ‘ಹೂಂ’ ಅನ್ನು!”

“ಹೂಂ!”

ಬೆಳಿಗ್ಗೆ ತಾಳಿ ಕಟ್ಟಿದ್ದಾಯ್ತು. ಮಧ್ಯಾಹ್ನ ಮದುವೆ ನೋಂದಣಿಗೆ ಎಲ್ಲರೂ ಕಚೇರಿಗೆ ಹೋದರು.

ಅಧಿಕಾರಿ ಕೇಳಿದರು: “ನಿನಗೆ ಈಗಾಗಲೇ ಹೆಂಡತಿ ಇದಾಳಾ?”

“ಹೂಂ!”

“ಏನು! ಬದುಕಿದಾಳಾ?”

“ಹೂಂ!”

“ಇಲ್ಲಿಗೂ ಬಂದಿದಾಳಾ?”

“ಹೂಂ!”

ಮುನಿಲಕ್ಷ್ಮಮ್ಮ ಹಣೆ ಚಚ್ಚಿಕೊಂಡಳು. ಚೌಡೇಶ್ವರಿ ಕೈ ಎತ್ತಿದಳು. “ಸ್ವಾಮೀ, ಅದು ನಾನೇ! ಬೆಳಿಗ್ಗೆ ತಾನೇ ಕಟ್ಟಿಕೊಂಡಿದಾರೆ!”

ಕಚೇರಿಗೆ ಕಚೇರಿಯೇ ನಕ್ಕಿತು. ಅಧಿಕಾರಿ ಕಣ್ಣೊರೆಸಿಕೊಂಡು ಮೊಹರು ಒತ್ತಿದರು. “ಸರಿ, ನಾನು ಊಟಕ್ಕೆ ಮನೆಗೆ ಹೊರಟೆ. ಬರ್ತೀಯೇನಪ್ಪಾ?” ಅಂದರು ತಮಾಷೆಗೆ.

“ಹೂಂ!” ಅಂದ ಸೊಣ್ಣಪ್ಪ, ಹೊಸ ಹೆಂಡತೀನ ಅಲ್ಲೇ ಬಿಟ್ಟು ಅವರ ಸ್ಕೂಟರ್ ಹಿಂದೆ ಹತ್ತಿ ಕೂತ!