ಮಡುವಿಗೆ ಬಿಟ್ಟ ಕೆಂಪು ಮೀನು

"ಗುರುಗಳೇ, ಸಾಯುವ ಜೀವವೊಂದನ್ನು ಉಳಿಸಿದರೆ ಅದು ಪುಣ್ಯವಲ್ಲದೆ ಮತ್ತೇನಾದೀತು?" ಎಂದು ಶಿಷ್ಯ ಕರಿಬಸಯ್ಯ ಕೇಳಿದ.

"ಪುಣ್ಯದ ಲೆಕ್ಕ ನನಗೆ ಬರುವುದಿಲ್ಲಪ್ಪ. ಒಬ್ಬ ವರ್ತಕನ ಕತೆ ಬರುತ್ತದೆ, ಕೇಳು," ಎಂದು ಗುರುಗಳು ಹೇಳತೊಡಗಿದರು.

ಆ ವರ್ತಕ ಬಣ್ಣದ ಮೀನುಗಳನ್ನು ಮಾರುತ್ತಿದ್ದ. ಅವು ಕಡಲಾಚೆಯ ದೇಶಗಳಿಂದ, ನೀರು ತುಂಬಿದ ಚೀಲಗಳಲ್ಲಿ, ವಿಮಾನದಲ್ಲಿ ಬರುತ್ತಿದ್ದವು. ಬಂದ ಮೀನನ್ನು ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ತಿಳಿದ ಮೇಲೆಯೇ ಮಾರಬೇಕೆಂಬುದು ಕಟ್ಟಳೆ. ವರ್ತಕ ಅದನ್ನು ಎಂದೂ ಮೀರಿದವನಲ್ಲ. ಅವನಿಗೆ ಮಕ್ಕಳಿರಲಿಲ್ಲ, ಹೆಂಡತಿ ತೀರಿಕೊಂಡಿದ್ದಳು. ಅಂಗಡಿಯ ಬಾಗಿಲು ಹಾಕಿದ ಮೇಲೂ ಮೀನುಗಳ ಮುಂದೆಯೇ ಕೂತಿರುತ್ತಿದ್ದ.

ಒಂದು ಸಲ ಬಂದ ಮೀನುಗಳ ಮೈಮೇಲೆಲ್ಲ ಹುಣ್ಣು ಕಾಣಿಸಿತು. ಮೀನಿನ ವೈದ್ಯ ಬಂದು ನೋಡಿದ. "ಇದಕ್ಕೆ ಮದ್ದಿಲ್ಲ. ಒಂದೆರಡು ಬದುಕಿಕೊಂಡ್ರೂ ರೋಗ ಅವುಗಳ ಒಳಗೇ ಇರುತ್ತೆ, ಬಿಟ್ಟ ನೀರಿಗೆಲ್ಲ ಹರಡುತ್ತೆ. ಒಂದನ್ನೂ ಉಳಿಸಬೇಡಿ, ಸುಣ್ಣ ಹಾಕಿ ಹೂಳಿಬಿಡಿ," ಎಂದ. ವರ್ತಕ ಕಣ್ಣೊರೆಸಿಕೊಳ್ಳುತ್ತಲೇ ಹೂಳಿದ. ಕೊನೆಗೆ ಒಂದು ಕೆಂಪು ಮೀನು ಉಳಿಯಿತು. ಅದರ ಬಾಲದ ಬುಡದಲ್ಲಿ ಕಾಸಗಲದ ಹುಣ್ಣು. ಅದನ್ನು ಕೊಲ್ಲಲು ಅವನ ಕೈ ಏಳಲಿಲ್ಲ. ಅಷ್ಟನ್ನೂ ಹೂಳಿದ್ದೇನೆ, ಇದೊಂದು ತಾನೇ ಎಂದುಕೊಂಡ. 'ಒಂದು ತಾನೇ' ಎನ್ನುವ ಮಾತು ಎಷ್ಟು ಮನೆಗಳನ್ನು ಹಾಳುಮಾಡಿದೆಯೋ!

ಆ ಊರಿನ ನದಿಯಲ್ಲಿ, ದೇವಸ್ಥಾನದ ಮುಂದೆ, ಒಂದು ಮಡುವಿತ್ತು. ಅಲ್ಲಿನ ಮೀನು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಮೈಮೇಲೆ ಹುಣ್ಣಾದವರು ಹರಕೆ ಹೊತ್ತು ಆ ಮೀನುಗಳಿಗೆ ಅರಳು ಹಾಕಿದರೆ ಹುಣ್ಣು ವಾಸಿಯಾಗುತ್ತದೆಂದು ಜನ ನಂಬಿದ್ದರು. ಎಳವೆಯಲ್ಲಿ ವರ್ತಕನಿಗೇ ಹಾಗೆ ವಾಸಿಯಾಗಿತ್ತು. ಮನುಷ್ಯರ ಹುಣ್ಣು ಕಳೆಯುವ ಮಡು ಮೀನಿನ ಹುಣ್ಣು ಕಳೆಯದೇ? ಅವನು ಮಿಂದು ಮಡಿಯುಟ್ಟು, ಮೀನನ್ನು ಬಿಂದಿಗೆಯಲ್ಲಿಟ್ಟುಕೊಂಡು ಮಡುವಿಗೆ ಹೋದ. "ಸ್ವಾಮೀ, ಇದೊಂದನ್ನು ಉಳಿಸಿಕೊಡು," ಎಂದು ಕೈಮುಗಿದು ನೀರಿಗೆ ಬಿಟ್ಟ.

ಮಡುವಿನ ಕೆಳಗಡೆ ಬೆಸ್ತರ ಕೇರಿ. ಮಳೆಗಾಲದಲ್ಲಿ ಮಡು ತುಂಬಿ, ಮೀನು ಕೆಳಕ್ಕೆ ಹರಿದು ಬಂದರೆ ಅವರ ಒಲೆ ಉರಿಯುತ್ತಿತ್ತು. ಅಂದು ಬಲೆ ಹೊತ್ತು ಹೋಗುತ್ತಿದ್ದ ಬೆಸ್ತನೊಬ್ಬ ವರ್ತಕನನ್ನು ನೋಡಿ ನಿಂತ. "ಮೀನು ಹಿಡಿಯೋರನ್ನೇ ಕಂಡಿದ್ದೆ, ಯಜಮಾನ್ರೇ. ಬದುಕಿಸೋಕೆ ಬಂದೋರನ್ನ ಇವತ್ತೇ ಕಂಡಿದ್ದು," ಎಂದು ಕೈಮುಗಿದ.

ಸ್ವಲ್ಪ ಕಾಲದಲ್ಲೇ ದೇವರ ಮೀನುಗಳ ಮೈಮೇಲೆ ಹುಣ್ಣೆದ್ದಿತು. ಅವು ಹೊಟ್ಟೆ ಮೇಲಾಗಿ ತೇಲತೊಡಗಿದವು. ಪೂಜಾರಿ ಶಾಂತಿ ಮಾಡಿಸಿದ, ಊರು ಉಪವಾಸವಿತ್ತು. ಮಳೆ ಬಂತು, ಮಡು ತುಂಬಿ ಹರಿಯಿತು, ಬಲೆಗೆ ಬರೀ ಕಸ ಬಂತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವರೇ ಬೇರೆ.

ಒಂದು ಬೆಳಗ್ಗೆ ಅದೇ ಬೆಸ್ತ ವರ್ತಕನ ಅಂಗಡಿಗೆ ಬಂದ. ಹೊರಗೆ ಅವನ ಹೆಂಡತಿ ಗಂಟುಮೂಟೆಯೊಡನೆ ನಿಂತಿದ್ದಳು. "ಕೇರಿಗೆ ಕೇರಿಯೇ ಕಲ್ಲು ಒಡೆಯೋ ಕೆಲಸಕ್ಕೆ ಹೊರಟಿದೀವಿ, ಯಜಮಾನ್ರೇ. ಯಾವ ಪಾಪಿ ಏನು ಮಾಡಿದ್ನೋ ಗೊತ್ತಿಲ್ಲ. ನಿಮ್ಮದು ಒಳ್ಳೇ ಕೈ. ನಮ್ಮ ಪರವಾಗಿ ಮಡುವಿಗೆ ಒಂದು ಹರಕೆ ಹೊತ್ಕೊಳ್ಳಿ," ಎಂದ. ಹೇಳಿಬಿಡಬೇಕೆಂದು ವರ್ತಕ ಬಾಯಿ ತೆರೆದ. ಮತ್ತೆ ಮುಚ್ಚಿದ. ಆಗಲಿ ಎಂಬಂತೆ ತಲೆಯಾಡಿಸಿದ, ಅಷ್ಟೇ. ನಾಚಿಕೆಗೇಡು!

ಅವರು ಹೋದ ಮೇಲೆ ಅವನು ಮಡುವಿಗೆ ಹೋಗಿ ಅರಳು ಹಾಕಿದ. ಹಿಂದೆಲ್ಲ ಅರಳು ಬಿದ್ದರೆ ನೀರೇ ಕಾಣದಂತೆ ಮೀನು ಮುತ್ತುತ್ತಿದ್ದವು. ಈಗ ಅರಳು ಸುಮ್ಮನೆ ತೇಲಿತು. ಬಹಳ ಹೊತ್ತಿನ ಮೇಲೆ ಆಳದಿಂದ ಒಂದು ಕೆಂಪು ಮೀನು ಎದ್ದು ಬಂತು. ಅದು ಚೆನ್ನಾಗಿ ಕೊಬ್ಬಿತ್ತು. ಬಾಲದ ಬುಡದಲ್ಲಿ ಹುಣ್ಣಿನ ಗುರುತೂ ಇರಲಿಲ್ಲ. ವರ್ತಕ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು.

"ಅಷ್ಟು ಭಕ್ತಿಯಿಂದ ಬೇಡಿಕೊಂಡನಲ್ಲ, ದೇವರಿಗೆ ಅವನ ಮೊರೆ ಕೇಳಿಸಲೇ ಇಲ್ಲವೇ, ಗುರುಗಳೇ?"

"ಕೇಳಿಸಿತು, ಅವನು ಬೇಡಿಕೊಂಡದ್ದು ಒಂದೇ ಮೀನಿಗಾಗಿ."