ಹೊಗೆ ಬಿಡದ ಕಾರು

ಸಾರಿಗೆ ಕಚೇರಿಯ ಸಾಹೇಬರು ಮಾಡಿದ್ದು ತಪ್ಪು. ಕಾರು ಹೊಗೆ ಬಿಡುವುದಿಲ್ಲ ಎಂದು ಅದನ್ನು ರಸ್ತೆಗೆ ಬಿಡಲಿಲ್ಲ.

ಹೆಂಡತಿ ತೀರಿಹೋದ ಮೇಲೆ ವೆಲ್ಡಿಂಗ್ ಕೆಲಸದ ಮೌನೇಶನಿಗೆ ಜೊತೆಯಾಗಿದ್ದದ್ದು ತುಕ್ಕು ತಿಂದ ಒಂದು ಅಂಬಾಸಿಡರ್. ಮೂರು ವರ್ಷ ಒಬ್ಬನೇ ಉಜ್ಜಿ, ಎಂಜಿನ್ ಕಿತ್ತು, ಬ್ಯಾಟರಿ, ಮೋಟಾರು ಕೂರಿಸಿ, ರಸ್ತೆಗಿಳಿಸಲು ಅನುಮತಿ ಕೇಳುವ ಅರ್ಜಿಯೊಂದಿಗೆ ಕಚೇರಿಗೆ ತಂದಿದ್ದ.

"ಹೊಗೆ ತಪಾಸಣೆ ಚೀಟಿ ಇಲ್ಲದೆ ಸಹಿ ಇಲ್ಲ," ಎಂದರು ಸಾಹೇಬರು, ನಾಲ್ಕನೇ ಸಲ.

"ಹೊಗೆಯೇ ಬರಲ್ಲ ಸಾರ್."

"ಅದು ನಿನ್ನ ತಲೆನೋವು. ಚೀಟಿ ತಾ."

ಸಾಲಿನಲ್ಲಿದ್ದ ನಲವತ್ತು ಜನರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಮೌನೇಶ ಬಿಳಿ ಹಾಳೆ ಮುಂದಿಟ್ಟ. "ಹಾಗಾದ್ರೆ ಬರೆದುಕೊಡಿ ಸಾರ್. ಈ ಕಾರು ಹೊಗೆ ಬಿಡದ ಕಾರಣ ಅನುಮತಿ ಇಲ್ಲ ಅಂತ. ಕೆಳಗೆ ನಿಮ್ಮ ಸಹಿ, ಮೊಹರು. ಗಾಜಿಗೆ ಅಂಟಿಸಿ, ತಳ್ಳಿಕೊಂಡೇ ಊರೆಲ್ಲ ಸುತ್ತಿಸ್ತೀನಿ."

ಸಾಹೇಬರು ಠೀವಿಯಿಂದ ಬರೆದರು. ಬರೆದದ್ದನ್ನು ಓದಿಕೊಂಡರು. ಮೆಲ್ಲಗೆ ಹಾಳೆ ಮಡಚಿ ಜೇಬಿಗಿಟ್ಟರು. "ಇಷ್ಟಕ್ಕೆಲ್ಲ ಹಟ ಯಾಕಪ್ಪಾ," ಎನ್ನುತ್ತ ಅರ್ಜಿಗೆ ಸಹಿ ಗೀಚಿದರು.

ಆಗ ಸಾಲಿನವರೆಲ್ಲ ನಕ್ಕರು, ಅವನ ಬೆನ್ನು ತಟ್ಟಿದರು. ಮೌನೇಶ ಸದ್ದಿಲ್ಲದ ಕಾರಿನಲ್ಲಿ ಒಬ್ಬನೇ ಮನೆಗೆ ಹೋದ.

ಗೆದ್ದವನ ಬೆನ್ನು ತಟ್ಟಿದ್ದು ಸಾಕು. ನಾಳೆ ಯಾವುದೇ ಕಚೇರಿಯಲ್ಲಿ ಒಬ್ಬನೇ ವಾದಿಸುತ್ತಿರುವವನನ್ನು ಕಂಡರೆ, ಸಾಲು ಬಿಟ್ಟು ಅವನ ಪಕ್ಕ ಹೋಗಿ ನಿಲ್ಲಿ.